ಮೂವತ್ತು ವರ್ಷ ಕಾದು ಗೆದ್ದ ಬೆಟ್ಟದ ವೈನ್

ಸ್ಪರ್ಧೆಯೊಂದರಲ್ಲಿ ಐದನೆಯ ಸ್ಥಾನ ಪಡೆದ ವೈನ್, ಮೂವತ್ತು ವರ್ಷಗಳ ನಂತರ ಅದೇ ಎದುರಾಳಿಗಳ ನಡುವೆ ಮೊದಲ ಸ್ಥಾನಕ್ಕೇರಿದ ಪ್ರಸಂಗ ವೈನ್ ಲೋಕದಲ್ಲಿ ಅಪರೂಪದ್ದು. ಅಮೆರಿಕದ ಕ್ಯಾಲಿಫೋರ್ನಿಯಾದ ರಿಡ್ಜ್ ಸಂಸ್ಥೆ ತಯಾರಿಸುವ ‘ಮಾಂಟೆ ಬೆಲ್ಲೊ’ ಕೆಂಪು ವೈನ್‌ಗೆ ಸಂದ ಕೀರ್ತಿ ಇದು.

1976ರ ಮೇ 24ರಂದು ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಪ್ಯಾರಿಸ್‌ನಲ್ಲಿ ರುಚಿ ಪರೀಕ್ಷೆಯೊಂದನ್ನು ಏರ್ಪಡಿಸಿದ್ದರು. ಹೆಸರು ಮರೆಮಾಡಿ ಬಡಿಸಿದ ಹತ್ತು ಕೆಂಪು ವೈನ್‌ಗಳಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಸ್ಟ್ಯಾಗ್ಸ್ ಲೀಪ್ ಗೆದ್ದಿತು. 1971ರ ಮಾಂಟೆ ಬೆಲ್ಲೊ ಐದನೆಯದಾಯಿತು. ಫ್ರೆಂಚರು ಈ ಫಲಿತಾಂಶವನ್ನು ಒಪ್ಪಲಿಲ್ಲ. ತಮ್ಮ ಬೋರ್ಡೊ ವೈನ್ ಹಳೆಯದಾದಂತೆ ಮಾಗುತ್ತದೆ, ಕ್ಯಾಲಿಫೋರ್ನಿಯಾದ್ದು ಬೇಗ ಸೊರಗುತ್ತದೆ ಎಂಬುದು ಅವರ ವಾದ. ಈ ವಾದಕ್ಕೆ ಕಾಲವೇ ಉತ್ತರಿಸಬೇಕಿತ್ತು. 2006ರ ಮೇ 24ರಂದು ಅದೇ ಹತ್ತು ಕೆಂಪು ವೈನ್‌ಗಳನ್ನು ಲಂಡನ್ ಮತ್ತು ನಾಪಾದಲ್ಲಿ ಮತ್ತೆ ಪರೀಕ್ಷಿಸಲಾಯಿತು. ಮೊದಲ ಐದೂ ಸ್ಥಾನಗಳು ಕ್ಯಾಲಿಫೋರ್ನಿಯಾದ ಪಾಲಾದವು. ಅಗ್ರಸ್ಥಾನ ಮಾಂಟೆ ಬೆಲ್ಲೊಗೆ ದಕ್ಕಿತು.

ಈ ದೀರ್ಘಾಯುಷ್ಯದ ಗುಟ್ಟು ಬೆಟ್ಟದಲ್ಲಿದೆ. ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಚಿರಪರಿಚಿತವಾದ ಕುಪರ್ಟಿನೊ ಪಟ್ಟಣದ ಮೇಲ್ಗಡೆ, ಸಾಂತಾ ಕ್ರೂಜ್ ಪರ್ವತಶ್ರೇಣಿಯಲ್ಲಿ, ಸುಮಾರು 1,300ರಿಂದ 2,700 ಅಡಿ ಎತ್ತರದಲ್ಲಿ ಈ ತೋಟಗಳು ಹರಡಿವೆ. ಪೆಸಿಫಿಕ್ ಸಾಗರ ಇಲ್ಲಿಂದ ದೂರವಿಲ್ಲ. ಕಡಲಿನ ತಂಪುಗಾಳಿಯಿಂದಾಗಿ ಕ್ಯಾಬರ್ನೆ ಸೊವಿನ್ಯೊನ್ ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತದೆ. ತೆಳುವಾದ ಮೇಲ್ಮಣ್ಣು, ಅದರಡಿಯಲ್ಲಿ ಸುಣ್ಣಕಲ್ಲು; ಇಳುವರಿ ಕಡಿಮೆ. ಆದರೆ ಹಣ್ಣು ಸಿಹಿಯಾಗುವಾಗಲೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಈ ಹುಳಿ ಮತ್ತು ಸಿಪ್ಪೆಯ ಒಗರು, ಇವೆರಡೇ ವೈನ್ ದಶಕಗಳ ಕಾಲ ಕೆಡದಂತೆ ಕಾಯುತ್ತವೆ. ಎಳೆಯದಾಗಿದ್ದಾಗ ಕುಡಿದವರಿಗೆ ಅದು ಬಿಗಿಯಾಗಿ ತೋರುವುದೂ ಇದರಿಂದಲೇ. 1976ರ ಐದನೆಯ ಸ್ಥಾನವನ್ನು ಈ ಬೆಳಕಿನಲ್ಲಿ ನೋಡಿದರೆ ಅಚ್ಚರಿಯೇನಿಲ್ಲ.

ಬೆಟ್ಟದಲ್ಲಿ ಮೊದಲು ದ್ರಾಕ್ಷಿ ನೆಟ್ಟವರು ಸ್ಯಾನ್ ಫ್ರಾನ್ಸಿಸ್ಕೊದ ಇಟಾಲಿಯನ್ ಸಮುದಾಯದ ವೈದ್ಯ ಒಸಿಯಾ ಪೆರೋನ್. 1885ರಲ್ಲಿ 180 ಎಕರೆ ಕೊಂಡು, ಅಲ್ಲಿಯ ಸುಣ್ಣಕಲ್ಲಿನಿಂದಲೇ ವೈನ್‌ಮನೆ ಕಟ್ಟಿ, 1892ರಲ್ಲಿ ಮಾಂಟೆ ಬೆಲ್ಲೊ ಹೆಸರಿನ ಮೊದಲ ವೈನ್ ತೆಗೆದರು. ಪಾನನಿಷೇಧ ಕಾಲದ (1920-33) ನಂತರ ಬೆಟ್ಟ ಬಹುಮಟ್ಟಿಗೆ ಪಾಳುಬಿತ್ತು. 1940ರ ದಶಕದ ಕೊನೆಗೆ ವಿಲಿಯಂ ಶಾರ್ಟ್ ಎಂಬ ಧರ್ಮಶಾಸ್ತ್ರಜ್ಞರು ಪೆರೋನ್ ಜಮೀನಿನ ಕೆಳಗಿನ ತೋಟವೊಂದರಲ್ಲಿ ಕ್ಯಾಬರ್ನೆ ಬಳ್ಳಿಗಳನ್ನು ನೆಟ್ಟರು.

1959ರಲ್ಲಿ ಆ ತೋಟವನ್ನು ಕೊಂಡವರು ಕೃಷಿಕರಲ್ಲ; ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಡೇವ್ ಬೆನಿಯನ್ ಮತ್ತು ಅವರ ಮೂವರು ಸಹೋದ್ಯೋಗಿಗಳು. ಅವರಲ್ಲೊಬ್ಬರಾದ ಚಾರ್ಲಿ ರೋಸೆನ್, ಕೃತಕ ಬುದ್ಧಿಮತ್ತೆಯ ಇತಿಹಾಸದಲ್ಲಿ ಹೆಸರಾದ ‘ಶೇಕಿ’ ರೋಬಾಟ್‌ನ ಯೋಜನೆಯನ್ನು ಮುಂದೆ ಆರಂಭಿಸಿದವರು. ಆ ವರ್ಷ ಸಿಕ್ಕಿದ್ದು ಕಾಲು ಪೀಪಾಯಿ ವೈನ್ ಮಾತ್ರ. ಆದರೂ ಅದರ ರುಚಿ ಅವರನ್ನು ಹಿಡಿದಿಟ್ಟಿತು. 1962ರಲ್ಲಿ ವೈನ್‌ಮನೆ ಅಧಿಕೃತವಾಗಿ ಪುನರಾರಂಭವಾಯಿತು. ವಾರಾಂತ್ಯಗಳಲ್ಲಿ ಕುಟುಂಬಗಳೇ ಬೆಟ್ಟ ಹತ್ತಿ ದುಡಿದು, 15 ಎಕರೆಯಷ್ಟಿದ್ದ ತೋಟವನ್ನು 45 ಎಕರೆಗೆ ವಿಸ್ತರಿಸಿದವು.

1969ರಲ್ಲಿ ಸೇರಿದ ಪಾಲ್ ಡ್ರೇಪರ್ ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದವರು. ಹಣ್ಣಿಗೆ ಸಹಜವಾಗಿ ಅಂಟಿಬರುವ ಯೀಸ್ಟ್‌ನಿಂದಲೇ ಹುದುಗು ಬರಿಸುವುದು, ತೋಟದ ತುಂಡುಗಳನ್ನು ಬೇರೆ ಬೇರೆಯಾಗಿ ಹುದುಗಿಸಿ ರುಚಿ ನೋಡಿ ಬೆರೆಸುವುದು, ಫ್ರೆಂಚ್ ಓಕ್‌ಗಿಂತ ಹೆಚ್ಚಾಗಿ ಅಮೆರಿಕದ ಓಕ್ ಪೀಪಾಯಿಗಳನ್ನೇ ಬಳಸುವುದು ಅವರ ಕ್ರಮವಾಗಿತ್ತು. ಮುಂದೆ ನಾಪಾದ ಅನೇಕರು ಅತಿಯಾಗಿ ಮಾಗಿದ ಹಣ್ಣಿನ, ಮದ್ಯಾಂಶ ಶೇ. 14 ದಾಟಿದ ಗಾಢ ವೈನ್‌ಗಳತ್ತ ವಾಲಿದಾಗಲೂ ಮಾಂಟೆ ಬೆಲ್ಲೊ ಸಾಮಾನ್ಯವಾಗಿ ಶೇ. 13ರ ಆಸುಪಾಸಿನಲ್ಲೇ ಉಳಿಯಿತು. ಮಾರುಕಟ್ಟೆಯ ಅಭಿರುಚಿಗೆ ಬೆನ್ನು ತಿರುಗಿಸುವ ಧೈರ್ಯ ಎಲ್ಲ ತಯಾರಕರಿಗೂ ಇರುವುದಿಲ್ಲ.

ಸಂಸ್ಥೆ 80ರ ದಶಕದಲ್ಲಿ ಜಪಾನಿನ ಒಟ್ಸುಕ ಕಂಪೆನಿಯ ಒಡೆತನಕ್ಕೆ ಬಂದ ಮೇಲೂ ಡ್ರೇಪರ್ ಮುಂದುವರಿದು, 2016ರಲ್ಲಿ ನಿವೃತ್ತರಾದರು. ಕಾನೂನಿನ ಕಡ್ಡಾಯವಿಲ್ಲದಿದ್ದರೂ, 2011ರ ಸುಗ್ಗಿಯಿಂದೀಚಿನ ಸೀಸೆಗಳ ಮೇಲೆ ಒಳಗೆ ಏನೇನು ಸೇರಿದೆ ಎಂಬ ಪಟ್ಟಿಯನ್ನು ರಿಡ್ಜ್ ಮುದ್ರಿಸುತ್ತ ಬಂದಿದೆ.