ತಗ್ಗು ಜಮೀನಿನಲ್ಲಿ ನಿಲ್ಲುವ ನೀರು: ಬಸಿಗಾಲುವೆಯ ಹಕ್ಕು ಮತ್ತು ಅರ್ಜಿ ಸಲ್ಲಿಸುವ ಕ್ರಮ

ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪ ಹಾಗೂ ಸುತ್ತಲಿನ ಗ್ರಾಮಗಳ, ಅಂತೆಯೇ ಕೊಪ್ಪ ಮತ್ತು ಶೃಂಗೇರಿ ತಾಲ್ಲೂಕುಗಳ ರೈತರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ತೋಟದಲ್ಲಿ ನೀರು ನಿಂತಿದೆ, ಕೆಳಗಿನ ಜಮೀನಿನವರು ಕಾಲುವೆ ಮುಚ್ಚಿದ್ದಾರೆ ಎಂಬ ಮನವಿಯನ್ನು ಯಾವ ಕಚೇರಿಗೆ, ಯಾವ ಅವಧಿಯೊಳಗೆ ಸಲ್ಲಿಸಬೇಕೆಂಬುದು ತಿಳಿಯದೆ ಅರ್ಜಿದಾರರು ಒಂದೆರಡು ಮಳೆಗಾಲಗಳನ್ನೇ ಕಳೆಯುವುದುಂಟು. ಈ ವಿಳಂಬದಿಂದ ಹಕ್ಕಿಗೇ ಚ್ಯುತಿ ಬರುವ ಸಂಭವವಿದೆ.

ಈ ಭಾಗದ ತೋಟ-ಗದ್ದೆಗಳು ಬಹುಪಾಲು ಗುಡ್ಡಗಳ ನಡುವಿನ ಕಣಿವೆಯ ತಳದಲ್ಲಿವೆ. ಕೇರಳದ ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗಿರುವ ಗದ್ದೆಗಳ ನೀರನ್ನು ಪಂಪ್ ಮಾಡಿ ಹೊರಹಾಕುತ್ತಾರೆ. ನಮ್ಮಲ್ಲಿ ಅದರ ಅಗತ್ಯವಿಲ್ಲ. ಇಳಿಜಾರಿನ ಬಲದಿಂದಲೇ ನೀರು ಹಳ್ಳ ಸೇರಿ, ಮುಂದೆ ತುಂಗಾ ಅಥವಾ ಭದ್ರಾ ನದಿಯನ್ನು ಸೇರುತ್ತದೆ. ಆದರೆ ಕೆಳತುದಿಯಲ್ಲಿ ದಾರಿ ತೆರೆದಿರದಿದ್ದರೆ ಮೇಲಿನವರು ತಮ್ಮ ಬಸಿಗಾಲುವೆಯನ್ನು ಎಷ್ಟೇ ಆಳಗೊಳಿಸಿದರೂ ಪ್ರಯೋಜನವಾಗದು.

ಹಿಂದೆ ಕಣಿವೆಯುದ್ದಕ್ಕೂ ಭತ್ತವಿದ್ದಾಗ ಈ ತಕರಾರು ಇಷ್ಟಿರಲಿಲ್ಲ. ಭತ್ತಕ್ಕೆ ನಿಂತ ನೀರು ಬೇಕು. ಪ್ರತಿ ಗದ್ದೆಯವರೂ ಬದು ಕಟ್ಟಿ ನೀರು ನಿಲ್ಲಿಸಿ, ಹೆಚ್ಚಾದುದನ್ನು ಕೆಳಗಿನ ಗದ್ದೆಗೆ ಬಿಡುತ್ತಿದ್ದರು. ಗದ್ದೆಗಳು ಅಡಿಕೆ ತೋಟಗಳಾದಂತೆ ಅಗತ್ಯವೇ ತಿರುವುಮುರುವಾಯಿತು. ಅಡಿಕೆಯ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಆದ್ದರಿಂದ ಬಸಿಗಾಲುವೆಯು, ಅಂದರೆ ಮಲೆನಾಡಿನ ಮಾತಿನಲ್ಲಿ ಕಪ್ಪು, ಸಸಿ ನೆಟ್ಟ ಗುಂಡಿಯ ತಳಕ್ಕಿಂತ ಸುಮಾರು ಅರ್ಧದಿಂದ ಒಂದು ಅಡಿ ಆಳವಾಗಿರಬೇಕು. ನೀರು ಬಸಿಯದ ತೋಟಗಳಲ್ಲಿ ಸೋಗೆ ಗಿಡ್ಡವಾಗಿ ಸುಕ್ಕುಗಟ್ಟುವ ಹಿಡಿಮುಂಡಿಗೆ ಮತ್ತು ಬುಡ ಕೊಳೆಯಿಸುವ ಅಣಬೆ ರೋಗ ಹೆಚ್ಚಾಗಿ ಕಂಡುಬರುತ್ತವೆ. ಹೀಗಿರಲು ಮೇಲಿನವರದು ತೋಟವಾಗಿ, ಕೆಳಗಿನವರದು ಇನ್ನೂ ಗದ್ದೆಯಾಗಿದ್ದರೆ, ಒಬ್ಬರ ಬದು ಮತ್ತೊಬ್ಬರಿಗೆ ಕಟ್ಟೆಯಂತಾಗುತ್ತದೆ. ಮೇಲಿನವರು ಹೊಸದಾಗಿ ತೆಗೆದ ಕಪ್ಪಿನ ನೀರು ಮಣ್ಣುಸಮೇತ ಗದ್ದೆಗೆ ನುಗ್ಗುವುದೂ ಉಂಟು. ಇಂತಹ ಪ್ರಕರಣಗಳಲ್ಲಿ ಕೆಳಗಿನವರದೇ ತಪ್ಪೆಂದು ಮೊದಲೇ ತೀರ್ಮಾನಿಸುವುದು ಸರಿಯಲ್ಲ.

ಅರ್ಜಿ ಬರೆಯುವ ಮುನ್ನ ಗ್ರಾಮ ನಕ್ಷೆಯನ್ನು ನೋಡತಕ್ಕದ್ದು. ಭೂಮಾಪನ ಇಲಾಖೆಯಿಂದ ಇದರ ಪ್ರತಿ ದೊರೆಯುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರನ್ನು ಗುರುತಿಸಿಕೊಳ್ಳಬಹುದಾದರೂ ಅದು ಅಳತೆಯ ದಾಖಲೆಯಲ್ಲ. ನೀರಿನ ದಾರಿಯು ನಕ್ಷೆಯಲ್ಲಿ ಹಳ್ಳವೆಂದು ತೋರಿಸಲ್ಪಟ್ಟಿದ್ದರೆ ಅಥವಾ ದಾಖಲೆಗಳಲ್ಲಿ ‘ಬ’ ಖರಾಬು ಎಂದು ನಮೂದಾಗಿದ್ದರೆ, ಅದು ಸಾರ್ವಜನಿಕ ಸ್ವತ್ತು. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ ಕಲಂ 67ರ ಮೇರೆಗೆ ಹಳ್ಳ, ತೊರೆ, ಕೆರೆಗಳು ಸರ್ಕಾರಕ್ಕೆ ಸೇರಿವೆ. ಇವುಗಳ ಒತ್ತುವರಿಯ ಬಗ್ಗೆ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಿ ಅಳತೆ ಕೋರಬಹುದು. ಅಳತೆಯು ಅರ್ಜಿದಾರರ ಪರವಾಗಿಯೇ ಬರಬೇಕೆಂದಿಲ್ಲ. ಹಳ್ಳವು ಅವರ ತೋಟದೊಳಗೇ ಸೇರಿಹೋಗಿರುವುದು ಕಂಡುಬಂದರೆ ಅದನ್ನೂ ತೆರವುಗೊಳಿಸಬೇಕಾಗುತ್ತದೆ.

ನಕ್ಷೆಯಲ್ಲಿ ಇಲ್ಲದ ಕಾಲುವೆಯು ಖಾಸಗಿ ಹಕ್ಕಿನ ವಿಷಯ. ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮ, 1882ರ ಕಲಂ 7ರ ದೃಷ್ಟಾಂತದಂತೆ, ಮೇಲಿನ ಜಮೀನಿನಲ್ಲಿ ಸಹಜವಾಗಿ ಹುಟ್ಟುವ ಅಥವಾ ಬೀಳುವ ನೀರು ಕೆಳಗಿನ ಜಮೀನಿಗೆ ಸಹಜವಾಗಿ ಹರಿಯಲು ಕೆಳಗಿನವರು ಬಿಡಬೇಕು. ‘ಸಹಜವಾಗಿ’ ಎಂಬ ಮಾತನ್ನು ಗಮನಿಸುವುದು. ಹೊಸ ಕಾಲುವೆಯಲ್ಲಿ ನೀರನ್ನು ಒಂದೆಡೆ ಕೂಡಿಸಿ ಬಿಡುವುದಕ್ಕೆ ಇದು ಆಧಾರವಾಗದು. ಮನುಷ್ಯರು ತೋಡಿದ ಕಾಲುವೆಯ ಮೇಲೆ ರೂಢಿಯಿಂದ ಹಕ್ಕು ಸಾಧಿಸಲು, ಕಲಂ 15ರಂತೆ, 20 ವರ್ಷ ಶಾಂತಿಯುತವಾಗಿ, ಬಹಿರಂಗವಾಗಿ, ಹಕ್ಕೆಂದು, ಅಡೆತಡೆಯಿಲ್ಲದೆ ಅನುಭವಿಸಿರಬೇಕು. ಆ ಅವಧಿಯು ದಾವೆ ಹೂಡುವ ದಿನದಿಂದ ಹಿಂದಿನ 2 ವರ್ಷಗಳೊಳಗೆ ಕೊನೆಗೊಂಡಿರಬೇಕು. ಅಡ್ಡಿಯೊಡ್ಡಿದ್ದು ತಿಳಿದ ನಂತರ ಒಂದು ವರ್ಷ ಅದಕ್ಕೆ ಸಮ್ಮತಿಸಿ ಸುಮ್ಮನಿದ್ದರೆ ಅನುಭೋಗವು ತುಂಡಾದಂತೆ. ಮನೆತನಗಳ ನಡುವಿನ ಸಂಕೋಚದಿಂದ ಬಾಯಿಮಾತಿನಲ್ಲೇ ವರ್ಷ ಕಳೆಯುವ ರೂಢಿ ನಮ್ಮಲ್ಲಿರುವುದರಿಂದ, ಮಾತುಕತೆ ನಡೆಯುತ್ತಿರುವಾಗಲೂ ಆಕ್ಷೇಪಣೆಯನ್ನು ಬರಹದಲ್ಲಿ ನೀಡಿ ಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು. ಈ ಹಕ್ಕನ್ನು ಅಂತಿಮವಾಗಿ ನಿರ್ಣಯಿಸುವುದು ಸಿವಿಲ್ ನ್ಯಾಯಾಲಯವೇ ಹೊರತು ಕಂದಾಯ ಕಚೇರಿಯಲ್ಲ.

ವಿವಾದವು ಶಾಂತಿಭಂಗದ ಹಂತ ತಲುಪುವಂತಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 166ರಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ವಿಚಾರಣೆ ನಡೆಸಿ, ಹಕ್ಕಿಗೆ ಅಡ್ಡಿಪಡಿಸದಂತೆ ಆದೇಶಿಸಬಹುದು; ಸೂಕ್ತ ಪ್ರಕರಣದಲ್ಲಿ ಅಡಚಣೆಯನ್ನು ತೆಗೆಸಲೂಬಹುದು. ಆದರೆ ವರ್ಷವಿಡೀ ಬಳಸುವ ಹಕ್ಕಾದರೆ ಮಾಹಿತಿ ತಲುಪುವುದಕ್ಕೆ ಹಿಂದಿನ 3 ತಿಂಗಳೊಳಗೆ, ಒಂದು ಋತುವಿನಲ್ಲಿ ಮಾತ್ರ ಬಳಸುವುದಾದರೆ ಕಳೆದ ಋತುವಿನಲ್ಲಿ, ಅದನ್ನು ಬಳಸಿರಲೇಬೇಕು. ಮಳೆಗಾಲದ ಕಾಲುವೆಯನ್ನು ಮುಚ್ಚಿದ ಮೇಲೆ ಒಂದು ಮಳೆಗಾಲವನ್ನು ಪೂರ್ತಿ ಹಾಗೆಯೇ ಬಿಟ್ಟವರಿಗೆ ಈ ದಾರಿ ಮುಚ್ಚಿದಂತೆಯೇ.

ನೆರೆಯವರ ಬದಲು ರಸ್ತೆಯೇ ನೀರನ್ನು ತಡೆದಿರುವುದೂ ಉಂಟು. ರಸ್ತೆಯನ್ನು ಎತ್ತರಿಸಿ ಮೋರಿಯನ್ನು ಹಳೆಯ ಅಳತೆಯಲ್ಲೇ ಬಿಟ್ಟರೆ ಹೀಗಾಗುತ್ತದೆ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಗೆ, ಊರೊಳಗಿನ ರಸ್ತೆಯಾದರೆ ಗ್ರಾಮ ಪಂಚಾಯಿತಿಗೆ ಮನವಿ ಸಲ್ಲಿಸುವುದು. ಸಾರ್ವಜನಿಕ ಹಳ್ಳದ ಹೂಳೆತ್ತುವ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ದಾಖಲಿಸಿಕೊಳ್ಳಬೇಕು.

ಭದ್ರಾ ಹಿನ್ನೀರಿನ ಅಂಚಿನ ಜಮೀನುಗಳ ಸ್ಥಿತಿ ಬೇರೆ. ಲಕ್ಕವಳ್ಳಿಯ ಜಲಾಶಯದ ಪೂರ್ಣಮಟ್ಟ 186 ಅಡಿ. ಹಿನ್ನೀರು ಏರಿ ನಿಂತಾಗ ಅದಕ್ಕಿಂತ ತಗ್ಗಿನಲ್ಲಿರುವ ನೆಲದ ನೀರು ಯಾವ ಕಾಲುವೆಯಿಂದಲೂ ಹೊರಹೋಗದು. ಜಲಾಶಯಕ್ಕಾಗಿ ಸ್ವಾಧೀನಪಡಿಸಿಕೊಂಡ ಜಮೀನೇ ಎಂಬುದನ್ನು ಮೊದಲು ದಾಖಲೆಗಳಿಂದ ಖಚಿತಪಡಿಸಿಕೊಂಡು, ಕರ್ನಾಟಕ ನೀರಾವರಿ ನಿಗಮದ ಸಂಬಂಧಿತ ಕಚೇರಿಯನ್ನು ಸಂಪರ್ಕಿಸುವುದು.

ಅರ್ಜಿಯೊಂದಿಗೆ ಪಹಣಿ, ಗ್ರಾಮ ನಕ್ಷೆಯ ಪ್ರತಿ, ಅಡಚಣೆಯಾದ ಜಾಗವನ್ನು ಗುರುತಿಸಿದ ಕೈನಕ್ಷೆ ಹಾಗೂ ನೀರು ನಿಂತಿರುವಾಗಲೇ ತೆಗೆದ, ದಿನಾಂಕವಿರುವ ಛಾಯಾಚಿತ್ರಗಳನ್ನು ಲಗತ್ತಿಸತಕ್ಕದ್ದು. ಬೇಸಿಗೆಯಲ್ಲಿ ಸ್ಥಳ ತನಿಖೆಗೆ ಬರುವವರಿಗೆ ಒಣಗಿದ ನೆಲ ಮಾತ್ರ ಕಾಣುವುದರಿಂದ ಈ ಚಿತ್ರಗಳಿಗೆ ವಿಶೇಷ ಮಹತ್ವವಿದೆ. ಅರ್ಜಿ ಸಲ್ಲಿಸಿದ ದಿನವೇ ದಿನಾಂಕ ಹಾಗೂ ಸಂಖ್ಯೆ ನಮೂದಿಸಿದ ಸ್ವೀಕೃತಿಯನ್ನು ಕೇಳಿ ಪಡೆಯುವುದು.