ಚೆಕ್ ಎಂಜಿನ್ ಲೈಟ್ ಹತ್ತಿತಾ? ಪಾರ್ಟ್ ಬದಲಿಸುವ ಮುಂಚೆ ಕೋಡ್ ಬರೆದಿಟ್ಟುಕೊಳ್ಳಿ

ಸಕಲೇಶಪುರ: ಜಡಿಮಳೆಗೆ ನಾಲ್ಕು ದಿನ ಶೆಡ್‌ನಲ್ಲೇ ನಿಂತ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ನಡುಗುತ್ತದೆ, ಮೀಟರ್‌ನಲ್ಲಿ ಹಳದಿ ಎಂಜಿನ್ ಗುರುತು ಹತ್ತಿಕೊಳ್ಳುತ್ತದೆ. ಸಕಲೇಶಪುರ, ಆಲೂರು ಭಾಗದ ಕಾರು ಮಾಲೀಕರಿಗೆ ಇದು ಹೊಸದೇನಲ್ಲ. ಆದರೆ ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ ಸುಮ್ಮನಾಗುವುದು, ಇಲ್ಲವೇ ಕೋಡ್ ನೋಡಿದ ತಕ್ಷಣ ದುಬಾರಿ ಸೆನ್ಸರ್ ಬದಲಿಸುವುದು ಎರಡೂ ತಪ್ಪು.

ಕೋಡ್ ಅಂದ್ರೆ ಏನು?

2013ರಿಂದ ಈಚಿನ ಬಿಎಸ್-4 ಹಾಗೂ 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಕಾರುಗಳಲ್ಲಿ ಸ್ಟೇರಿಂಗ್ ಕೆಳಭಾಗದಲ್ಲಿ 16 ಪಿನ್‌ನ ಒಬಿಡಿ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಅಥವಾ ಮೊಬೈಲ್‌ಗೆ ಜೋಡಿಸುವ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಕೋಡ್ ಕಾಣುತ್ತದೆ. ಉದಾಹರಣೆಗೆ ಪಿ0301: 'ಪಿ' ಅಂದರೆ ಎಂಜಿನ್ ಮತ್ತು ಗೇರ್ ವಿಭಾಗ, '0' ಅಂದರೆ ಎಲ್ಲಾ ಕಂಪನಿಗಳಿಗೂ ಒಂದೇ ಅರ್ಥದ ಕೋಡ್, '3' ಅಂದರೆ ಇಗ್ನಿಷನ್ ಮತ್ತು ಮಿಸ್‌ಫೈರ್, ಕೊನೆಯ '01' ಅಂದರೆ ಒಂದನೇ ಸಿಲಿಂಡರ್.

ಕೋಡ್ ಹೇಳುವುದು ತೊಂದರೆ ಎಲ್ಲಿ ಕಾಣಿಸಿತು ಅಂತ ಮಾತ್ರ. ಯಾವ ಪಾರ್ಟ್ ಹಾಳಾಗಿದೆ ಅಂತ ಅಲ್ಲ.

ಖರ್ಚಿಲ್ಲದ ಪರೀಕ್ಷೆ ಮೊದಲು

ಪಿ0301 ಬಂದರೆ ಬಾನೆಟ್ ಎತ್ತಿ ಇಲಿ ವೈರ್ ಕಡಿದಿದೆಯಾ, ಕಾಯಿಲ್ ಕನೆಕ್ಟರ್‌ಗೆ ನೀರು ಸೇರಿದೆಯಾ ನೋಡಬೇಕು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಇಲಿ ಸೇರಿಕೊಳ್ಳುವುದು ಎಂಜಿನ್ ಮೇಲೇ. ಎಲ್ಲಾ ಸರಿ ಇದ್ದರೆ, ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ ಇರುವ ಕಾರಿನಲ್ಲಿ ಒಂದನೇ ಮತ್ತು ಎರಡನೇ ಕಾಯಿಲ್ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0302 ಆದರೆ ಕಾಯಿಲ್ ಹೋಗಿದೆ. ಪಿ0301 ಆಗಿಯೇ ಉಳಿದರೆ ಪ್ಲಗ್, ವೈರಿಂಗ್, ಇಂಜೆಕ್ಟರ್ ಕಡೆ ಹುಡುಕಬೇಕು.

ಪಿ0171 ಅಂದರೆ ಪೆಟ್ರೋಲ್‌ಗಿಂತ ಗಾಳಿಯ ಪ್ರಮಾಣ ಹೆಚ್ಚಾಗಿದೆ ಎಂದು. ಆಕ್ಸಿಜನ್ ಸೆನ್ಸರ್ ಬದಲಿಸುವ ಮೊದಲು ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯಾ ನೋಡಿ.

ಬಿಎಸ್-6 ಡೀಸೆಲ್ ಕಾರಿನಲ್ಲಿ ಪಿ2463 ಬಂದರೆ ಹೊಗೆ ಸೋಸುವ ಡಿಪಿಎಫ್ ಫಿಲ್ಟರ್‌ನಲ್ಲಿ ಮಸಿ ತುಂಬಿದೆ ಎಂದರ್ಥ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಸಣ್ಣ ಓಡಾಟವಷ್ಟೇ ಆದರೆ ಮಸಿ ಸುಟ್ಟುಹೋಗುವಷ್ಟು ಫಿಲ್ಟರ್ ಕಾಯುವುದೇ ಇಲ್ಲ. ಡಿಪಿಎಫ್ ಗುರುತು ಮೊದಲ ಸಲ ಹತ್ತಿದಾಗಲೇ ಕಾರಿನ ಮ್ಯಾನ್ಯುಯಲ್ ನೋಡಿ, ಆಲೂರು-ಹಾಸನ ಹೆದ್ದಾರಿಯಲ್ಲಿ ನಿಲ್ಲಿಸದೆ ಒಂದೇ ವೇಗದಲ್ಲಿ ಓಡಿಸಿದರೆ ಬಹಳ ಸಲ ಸರಿಹೋಗುತ್ತದೆ. ಪಿಕಪ್ ಬಿದ್ದುಹೋಗಿದ್ದರೆ ಮಾತ್ರ ನೇರ ಗ್ಯಾರೇಜ್‌ಗೇ ಒಯ್ಯಬೇಕು.

ಘಾಟಿಯಲ್ಲಿ ಹತ್ತಿದರೆ?

ಹಳದಿ ಲೈಟ್ ಸ್ಥಿರವಾಗಿ ಉರಿಯುತ್ತಿದ್ದು, ಕಾರು ಮಾಮೂಲಿನಂತೆ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜ್‌ವರೆಗೆ ಹೋಗಬಹುದು. ಮಿಣಿಮಿಣಿ ಅನ್ನುತ್ತಿದ್ದರೆ ಹಾಗಲ್ಲ. ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಸೇರಿ ಅಲ್ಲಿ ಉರಿಯುತ್ತದೆ, ಕನ್ವರ್ಟರ್ ಕೆಂಪಗೆ ಕಾದು ಹಾಳಾಗುತ್ತದೆ. ಕಾಯಿಲ್ ಖರ್ಚಿನಲ್ಲಿ ಮುಗಿಯುವ ರಿಪೇರಿ ಅದರ ಹಲವು ಪಟ್ಟಾಗುತ್ತದೆ. ಗುಂಡ್ಯದಿಂದ ಮಾರನಹಳ್ಳಿ ಕಡೆಗೆ ಶಿರಾಡಿ ಘಾಟಿ ಹತ್ತುವಾಗ ಹೀಗಾದರೆ ಆಕ್ಸಿಲರೇಟರ್ ಒತ್ತಬೇಡಿ. ತಿರುವು ಬಿಟ್ಟು ಅಗಲ ಜಾಗದಲ್ಲಿ ನಿಲ್ಲಿಸಿ, ಒಣಹುಲ್ಲಿನ ಮೇಲೆ ಮಾತ್ರ ಬೇಡ. ಕೆಂಪು ಆಯಿಲ್ ಅಥವಾ ಟೆಂಪರೇಚರ್ ಲೈಟ್ ಬಂದರೆ ಎಂಜಿನ್ ಕೂಡಲೇ ಆಫ್ ಮಾಡಬೇಕು.

ಅಳಿಸುವ ಮುಂಚೆ

ಕೋಡ್ ಅಳಿಸಿದರೆ, ಕೆಲವು ಕಾರುಗಳಲ್ಲಿ ಬ್ಯಾಟರಿ ವೈರ್ ಬಿಚ್ಚಿದರೂ, ತೊಂದರೆ ಬಂದಾಗಿನ ವೇಗ, ಎಂಜಿನ್ ಬಿಸಿ ಮುಂತಾದ ದಾಖಲೆಯೂ ಹೋಗುತ್ತದೆ. ಮೆಕ್ಯಾನಿಕ್‌ಗೆ ಸಿಗುವ ಸುಳಿವೇ ಅದು. ಹಾಗಾಗಿ ಮೊದಲು ಸ್ಕ್ಯಾನರ್ ಪರದೆಯ ಫೋಟೋ ತೆಗೆದಿಡಿ. ಪಾರ್ಟ್ ಬದಲಿಸಬೇಕು ಎಂದರೆ, ಹಳೆಯದು ಹಾಳಾಗಿದೆ ಅಂತ ಹೇಗೆ ಗೊತ್ತಾಯಿತು ಎಂದು ಕೇಳಿ. ರಿಪೇರಿ ಆದಮೇಲೆ ಒಂದೆರಡು ದಿನ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿಸಿ. ಅದೇ ಕೋಡ್ ವಾಪಸ್ ಬಂದರೆ ಮೂಲ ತೊಂದರೆ ಇನ್ನೂ ಒಳಗೇ ಇದೆ.