ಮಾತ್ರೆಯಿಂದ ಮೈ ಬಂದಾಗ

ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುವ ಹೆಣ್ಣುಮಕ್ಕಳು ದಪ್ಪಗಾದರೆ ಮನೆಯಲ್ಲೇ ಮಾತು ಶುರು. “ಕೂತು ತಿಂದರೆ ಇನ್ನೇನಾಗುತ್ತೆ?” ಅಂತ. ನನ್ನ ಅಕ್ಕನ ಮಗಳಿಗೂ ಈ ಮಾತು ತಪ್ಪಲಿಲ್ಲ. ಒಲಾಂಜಪೈನ್ ಶುರುಮಾಡಿದ ಆರು ತಿಂಗಳಲ್ಲಿ 10 ಕೆ.ಜಿ. ಏರಿದಳು. ಅವಳಿಗೆ ನಿದ್ದೆ ಬಂದದ್ದು, ಭಯ ಹೋದದ್ದು ಯಾರಿಗೂ ಕಾಣಲಿಲ್ಲ. ಬಿಗಿಯಾದ ರವಿಕೆ ಮಾತ್ರ ಕಂಡಿತು! ಬೇಸತ್ತು ಮಾತ್ರೆ ಬಿಟ್ಟಳು. ಎರಡೇ ತಿಂಗಳಿಗೆ ಕಾಯಿಲೆ ತಿರುಗಿ ಬಂತು.

ಇದು ಬರೀ ಬಾಯಿಚಪಲವಲ್ಲ ಕಣ್ರೀ. ಹೊಟ್ಟೆ ತುಂಬಿತೆಂಬ ಸುದ್ದಿಯನ್ನು ಮೆದುಳಿಗೆ ತಿಳಿಸುವುದರಲ್ಲಿ ಸಿರೊಟೋನಿನ್, ಹಿಸ್ಟಮಿನ್ ಎಂಬ ರಾಸಾಯನಿಕಗಳ ಕೈವಾಡವಿದೆ. ಅವು ಒಳಹೋಗುವ ಬಾಗಿಲಿಗೆ ಕೆಲವು ಮಾತ್ರೆಗಳು ಅಗಳಿ ಹಾಕಿಬಿಡುತ್ತವೆ. ಉಂಡು ಕೈತೊಳೆದ ಸ್ವಲ್ಪ ಹೊತ್ತಿಗೇ ಮತ್ತೆ ಹಸಿವು. ಕ್ಲೋಜಪೈನ್, ಒಲಾಂಜಪೈನ್ ಇದರಲ್ಲಿ ಮುಂದು. ಅರಿಪಿಪ್ರಜೋಲ್‌ನಲ್ಲಿ ಈ ಕಾಟ ಕಡಿಮೆ.

ಹಾಗಾದರೆ ಅದೇ ಮಾತ್ರೆ ನುಂಗಿದ ಇನ್ನೊಬ್ಬಳು ಕಡ್ಡಿಯ ಹಾಗೇ ಇರುವುದೇಕೆ? ಇಲ್ಲಿ ಹುಟ್ಟಿನ ಪಾಲೂ ಇದೆ. ಚೀನಾದ ರೋಗಿಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆ ಸಿರೊಟೋನಿನ್ ಬಾಗಿಲಿಗೆ ಸಂಬಂಧಪಟ್ಟ ಜೀನಿನಲ್ಲಿ ಒಂದೇ ಒಂದು ಅಕ್ಷರ ಬೇರೆಯಿದ್ದವರು ಕಡಿಮೆ ದಪ್ಪವಾದದ್ದು ಕಂಡುಬಂತು. 2012ರಲ್ಲಿ, ಹಸಿವನ್ನು ಹತೋಟಿಯಲ್ಲಿಡುವ ಇನ್ನೊಂದು ಜೀನಿನ ಹತ್ತಿರವೂ ಇಂಥದೇ ವ್ಯತ್ಯಾಸ ಸಿಕ್ಕಿತು. ಅಪ್ಪ ಅಮ್ಮನಿಂದ ಮೂಗು, ಬಣ್ಣ ಬಂದ ಹಾಗೆ ಇದೂ ಬರುತ್ತದೆ. ಮೂಗಿಗೆ ಯಾರನ್ನಾದರೂ ಬೈಯುತ್ತೇವೆಯೇ? ಹಾಗಂತ ಒಂದು ಜೀನೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಇಂಥವಳು ಇಷ್ಟು ದಪ್ಪವಾಗುತ್ತಾಳೆ ಎಂದು ರಕ್ತ ನೋಡಿ ಖಚಿತವಾಗಿ ಹೇಳುವುದು ಇನ್ನೂ ಆಗಿಲ್ಲ.

ಆದ್ದರಿಂದ ತಕ್ಕಡಿಯೇ ಗತಿ. ಮಾತ್ರೆ ಶುರುವಾಗುವ ದಿನವೇ ತೂಕ, ಸೊಂಟದಳತೆ ಬರೆದಿಡಿ. ಮೊದಲ ಒಂದೂವರೆ ತಿಂಗಳು ವಾರಕ್ಕೊಮ್ಮೆ ತೂಗಿ. ತೂಕ ಬೇಗ ಏರುವುದು ಆಗಲೇ. ಏರುತ್ತಿದ್ದರೆ ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಅವರು ಮಾತ್ರೆ ಬದಲಿಸಬಹುದು, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಸೇರಿಸಬಹುದು. ರಕ್ತದ ಸಕ್ಕರೆ, ಕೊಬ್ಬನ್ನೂ ಪರೀಕ್ಷಿಸಲು ಕೇಳಿ. ನಾವಾಗಿಯೇ ಮಾತ್ರೆ ನಿಲ್ಲಿಸುವುದಂತೂ ಕೂಡದು.

ಅಡುಗೆಮನೆಯಲ್ಲಿ ಅವಳೊಬ್ಬಳಿಗೇ ಬೇರೆ ತಟ್ಟೆ ಹಾಕಿ ಅವಮಾನ ಮಾಡಬೇಡಿ. ಹೆಸರುಬೇಳೆ ಕೋಸಂಬರಿ, ಸೊಪ್ಪಿನ ಹುಳಿ ಎಲ್ಲರಿಗೂ ಆಗಲಿ. ಕೆಲವರಿಗೆ ಈ ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಬಾಟಲಿಯ ಸಿಹಿ ಪಾನೀಯದ ಬದಲು ನೀರುಮಜ್ಜಿಗೆ ಕೊಡಿ. ಸಂಜೆ ಅವಳ ಜೊತೆ ನೀವೂ ಚಪ್ಪಲಿ ಮೆಟ್ಟಿ ಹೊರಡಿ.